ಕಾಗದದ ಊರಿನಲ್ಲಿ ಕಾಗದವಿಲ್ಲದ ಜನ

ಹಾಸ್ಟೆಲ್ ಗೆಳೆಯರೇ,

ದಾಂಡೇಲಿಯ ಬಗ್ಗೆ ಬಂದ ಯಾವುದೇ ಸ್ಮರಣ ಸಂಚಿಕೆ ತೆಗೆಯಿರಿ, ಯಾವುದೇ ಉದ್ಘಾಟನೆಯ ಭಾಷಣ ಕೇಳಿರಿ. ಕಥೆ ಸುರುವಾಗುವುದು ಒಂದೇ ಥರ. ಮೊದಲು ಇಲ್ಲಿ ಬರೀ ಕಾಡಿತ್ತು, ಹುಲಿ ಇತ್ತು, ಮಲೇರಿಯಾ ಇತ್ತು. ಆಮೇಲೆ ಪೇಪರ್ ಮಿಲ್ಲು ಬಂತು. ದೇಶದ ಮೂಲೆಮೂಲೆಯಿಂದ ಜನ ವಲಸೆ ಬಂದರು. ಊರು 'ಮಿನಿ ಇಂಡಿಯಾ' ಆಯಿತು. ಚಪ್ಪಾಳೆ, ಹಾರ, ಚಹಾ, ಅವಲಕ್ಕಿ.

ಈ ಕಥೆ ಕೇಳಿ ಕೇಳಿ ನಮಗೆ ಸಾಕಾಗಿದೆ. ಈಗ ನಾವು ಕೇಳುವ ಸರದಿ. ಬಂಡವಾಳ ಹಿಡಿದು ಬಂದವನು 'ಸಂಸ್ಥಾಪಕ' ಆಗುತ್ತಾನೆ. ಬುಟ್ಟಿ ಸಲಿಕೆ ಹಿಡಿದು ಬಂದವನು 'ವಲಸಿಗ' ಆಗುತ್ತಾನೆ. ಇಬ್ಬರೂ ಹೊರಗಿನಿಂದ ಬಂದವರೇ ತಾನೇ? ಇಬ್ಬರ ಮುತ್ತಜ್ಜನ ಗೋರಿಯೂ ಇಲ್ಲಿರಲಿಲ್ಲ ತಾನೇ? ಹಾಗಿದ್ದ ಮೇಲೆ "ನಿಮ್ಮಜ್ಜ ಯಾವಾಗ ಬಂದ, ಎಲ್ಲಿಂದ ಬಂದ, ದಾಖಲೆ ಏನಿದೆ" ಅಂತ ಒಬ್ಬನ ಮೊಮ್ಮಗನನ್ನು ಮಾತ್ರ ಯಾಕೆ ಕೇಳುತ್ತಾರೆ?

ಬಾಯಿ ಚಪಲಕ್ಕೆ ಎತ್ತಿದ ಪ್ರಶ್ನೆ ಅಲ್ಲ ಇದು. ನಿಮ್ಮ ಪಕ್ಕದ ಬೆಂಚಿನ ಹುಡುಗನ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪು, ನಾಳೆಯ ನೌಕರಿ ಎಲ್ಲವೂ ಇದರ ಮೇಲೆ ನಿಂತಿವೆ. ಅವನು ದಾಂಡೇಲಿಯಲ್ಲೇ ಹುಟ್ಟಿದವನು, ಅವನಪ್ಪನೂ ಅಲ್ಲೇ ಹುಟ್ಟಿದವನು. ಅಜ್ಜ ಆಂಧ್ರದಿಂದಲೋ ಕೊಲ್ಲಾಪುರದ ಕಡೆಯಿಂದಲೋ ಕಕ್ಕಸು ಬಳಿಯಲು, ಬಿದಿರು ಹೊರಲು ಬಂದವನು. ಆ ಮನೆಯ ಜಾತಿ ಎಲ್ಲರಿಗೂ ಗೊತ್ತು. ಚಹಾದಂಗಡಿಯವನಿಗೆ ಗೊತ್ತು, ಬಾಡಿಗೆಗೆ ಮನೆ ಕೊಡದ ಮಾಲೀಕನಿಗೆ ಗೊತ್ತು, ಮದುವೆ ದಲ್ಲಾಳಿಗೆ ಗೊತ್ತು. ಸರ್ಟಿಫಿಕೇಟಿನ ಕಿಟಕಿಗೆ ಬಂದು ನಿಂತಾಗ ಮಾತ್ರ ಯಾರಿಗೂ ಗೊತ್ತಿಲ್ಲ. "ನಿಮ್ಮ ಮೂಲ ಇದಲ್ಲವಲ್ಲಪ್ಪ" ಅನ್ನುತ್ತಾರೆ. ಮೂರು ತಲೆಮಾರು ಇಲ್ಲಿಯ ಹೊಲಸು ಎತ್ತಿದ ಮೇಲೂ ಮೂಲ ಇದಲ್ಲ.

ಬಂದವರ ಲೆಕ್ಕ ಹಾಕುವುದೇ ಆದರೆ ಬುಡದಿಂದ ಹಾಕೋಣ. ಉಳವಿಯಿಂದ ಹಿಡಿಯೋಣ.

ಭರತ ಹುಣ್ಣಿಮೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಹೂಡಿಕೊಂಡು ಜನ ಉಳವಿ ಜಾತ್ರೆಗೆ ಹೋಗುತ್ತಾರೆ. ಚನ್ನಬಸವಣ್ಣನವರ ಸಮಾಧಿ ಇರುವ ಊರು. ಎತ್ತುಗಳಿಗೆ ಗೊಂಡೆ ಕಟ್ಟಿ, ಹಾದಿಯುದ್ದಕ್ಕೂ ಬುತ್ತಿ ಬಿಚ್ಚಿ, ಜಾತ್ರೆ ಮಾಡಿ ಬರುತ್ತಾರೆ. ಆದರೆ ಚನ್ನಬಸವಣ್ಣನವರು ಅಲ್ಲಿಗೆ ಯಾತ್ರೆಗೆ ಬಂದವರಲ್ಲ, ಜೀವ ಉಳಿಸಿಕೊಳ್ಳಲು ಬಂದವರು ಅನ್ನುವುದನ್ನು ಜಾತ್ರೆಯಲ್ಲಿ ನೆನೆಯುವವರು ಕಡಿಮೆ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾಯಿತು. ಆ ಒಂದು ಮದುವೆಯನ್ನು ಅರಗಿಸಿಕೊಳ್ಳಲು ಆಗದೆ ಅರಮನೆ ಇಬ್ಬರು ಬೀಗರನ್ನೂ ಕೊಲ್ಲಿಸಿತು. 1167-68ರ ಸುಮಾರಿನ ಮಾತು. ಶರಣರು ಚೆಲ್ಲಾಪಿಲ್ಲಿಯಾದರು. ಒಂದು ಗುಂಪು ವಚನದ ಕಟ್ಟು ಹೊತ್ತು, ಬೆನ್ನ ಹಿಂದೆ ಸೈನ್ಯ ಇಟ್ಟುಕೊಂಡು, ಹೆಂಗಸರು ಮಕ್ಕಳ ಸಮೇತ ಈ ಪಡುವಣ ಕಾಡಿಗೆ ಬಂತು. ದಾರಿಯಲ್ಲಿ ಚರ್ಮ ಹದ ಮಾಡುವ ಡೋಹರ ಕಕ್ಕಯ್ಯನವರು ಕಾದಾಡಿ ಸತ್ತರು ಅಂತ ಜನ ಹೇಳಿಕೊಂಡು ಬಂದಿದ್ದಾರೆ. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಅವರ ಸಮಾಧಿ ಇದೆ. ಹಳಿಯಾಳದಿಂದ ದೂರವೇನಲ್ಲ, ಒಂದು ಭಾನುವಾರ ಹೋಗಿ ಬನ್ನಿ.

ಅಂದರೆ ಏನಾಯಿತು? ಈ ಸೀಮೆಯಲ್ಲಿ ನಮಗೆ ಗೊತ್ತಿರುವ ಹಳೆಯ ನಿರಾಶ್ರಿತರ ಕಾಲೊನಿ ಯಾವುದು ಅಂದರೆ ಉಳವಿ. ಅವರನ್ನು ಊರು ಬಿಡಿಸಿದ್ದು ಬರಗಾಲವಲ್ಲ, ಜಾತಿ.

ಈಗ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿ ತೆಗೆದು ಬೆರಳಿಟ್ಟು ಓದಿ. ಡೋರ್ ಅನ್ನುವ ನಮೂದಿನ ಪಕ್ಕದಲ್ಲೇ 'ಕಕ್ಕಯ್ಯ' ಅಂತಿದೆ. ಚಮ್ಮಾರ, ಮೋಚಿ, ಸಮಗಾರ ಅಂತ ಹೋಗುವ ಉದ್ದನೆಯ ನಮೂದಿನಲ್ಲಿ 'ಹರಳಯ್ಯ' ಅಂತಿದೆ. ಎಂಟುನೂರು ವರ್ಷ ಕಳೆದರೂ ಆ ಇಬ್ಬರ ಹೆಸರು ಬಂದು ಕೂತದ್ದು ಜಾತಿಪಟ್ಟಿಯಲ್ಲಿ! ಇನ್ನೊಂದು ತಮಾಷೆ ಕೇಳಿ. 1950ರಲ್ಲಿ ಕಲ್ಯಾಣ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ, ಉಳವಿ ಇದ್ದದ್ದು ಮುಂಬಯಿ ರಾಜ್ಯದಲ್ಲಿ. ಶರಣರು ಆ ವರ್ಷ ಕಲ್ಯಾಣ ಬಿಟ್ಟು ಬಂದಿದ್ದರೆ ಕಕ್ಕಯ್ಯನವರ ಮಕ್ಕಳು ಉಳವಿಯಲ್ಲಿ 'ಹೊರರಾಜ್ಯದವರು' ಆಗುತ್ತಿದ್ದರು.

ಇನ್ನು 'ಬರೀ ಕಾಡಿತ್ತು' ಅನ್ನುವ ಮಾತು. ಶುದ್ಧ ಸುಳ್ಳು. ಕಾಡಿನೊಳಗೆ ಕುಣಬಿಗಳು ಕುಮ್ರಿ ಬೇಸಾಯ ಮಾಡುತ್ತಿದ್ದರು. ಗೌಳಿಗರು ಎಮ್ಮೆ ಕಟ್ಟಿಕೊಂಡು ದಡ್ಡಿ ಹಾಕಿಕೊಂಡಿದ್ದರು. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ತಂದವರ ಪೈಕಿ ಗೋವೆಯಿಂದ ತಪ್ಪಿಸಿಕೊಂಡು ಬಂದ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಿನಲ್ಲಿ ಬದುಕು ಕಟ್ಟಿದ್ದರು. ಬಿದಿರು ಸೀಳಿ ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದಾರರಿದ್ದರು. ಮೇದಾರ ಕೇತಯ್ಯನವರು ಅದೇ ಕಸುಬಿನ ಶರಣರು ಅನ್ನುವುದು ನಿಮಗೆ ನೆನಪಿರಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಸಾಗವಾನಿಯ ಆಸೆಗೆ ಕಾಡಿಗೆ ಗಡಿಕಲ್ಲು ಹಾಕಿ ಕುಮ್ರಿಯನ್ನು ಹತ್ತಿಕ್ಕಿದರು. ಮರ ಸಾಗಿಸಲು ಅಳ್ನಾವರದಿಂದ ದಾಂಡೇಲಿಗೆ ರೈಲುಹಳಿ ಬಂತು. ನೋಡಿ, ಜನಕ್ಕಿಂತ ಮೊದಲು ಮರಕ್ಕೆ ರೈಲು ಬಂತು. ಕಾಡಿನ ಜನ ತಮ್ಮ ಕಾಡಿನಲ್ಲೇ ಕೂಲಿಗಳಾದರು. ಇವರಲ್ಲಿ ಯಾರೂ ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿಲ್ಲ. ಕೊನೆಯಲ್ಲಿ 'ಜಾನಪದ ವೈಭವ' ಅಂತ ಒಂದು ಫೋಟೋ ಇರುತ್ತದೆ, ಕುಣಿಯುತ್ತಿರುವ ಸಿದ್ದಿಗಳದ್ದು.

ಊರಿನ ಹೆಸರಿನ ಕಥೆಯನ್ನೂ ಹೇಳಿಬಿಡುತ್ತೇವೆ. ದಾಂಡೇಲಪ್ಪನಿಂದ ದಾಂಡೇಲಿ ಆಯಿತು ಅನ್ನುವವರಿದ್ದಾರೆ. ಈ ದಾಂಡೇಲಪ್ಪ ಮಿರಾಶಿ ಜಮೀನ್ದಾರರ ಆಳಾಗಿದ್ದನಂತೆ, ಒಡೆಯನಿಗೆ ನಿಷ್ಠನಾಗಿದ್ದೇ ಪ್ರಾಣ ಕಳಕೊಂಡನಂತೆ, ಅದಕ್ಕೇ ದೇವರಾದನಂತೆ. ದಂಡಕನಾಯಕನೆಂಬ ರಾಜ ಇಲ್ಲಿ ಹಾದುಹೋದದ್ದರಿಂದ ಹೆಸರು ಬಂತು ಅನ್ನುವ ಕಥೆಯೂ ಉಂಟು. ಊರಿಗೆ ರಾಜ ಒಬ್ಬ ಬೇಕು ಅನ್ನುವವರ ಕಥೆ ಅದು. ನಾವು ಆಳಿನ ಕಥೆಯ ಕಡೆ. ಆದರೆ ಅದರಲ್ಲೂ ಒಂದು ಕೊಕ್ಕೆ ಇದೆ. ಆಳು ದೇವರಾಗಬೇಕಾದರೆ ಒಡೆಯನಿಗಾಗಿ ಸಾಯಬೇಕು. ಕೂಲಿ ಕೇಳಿ ಬದುಕಿದ ಆಳಿಗೆ ಗುಡಿ ಕಟ್ಟಿದ್ದನ್ನು ನಾವು ಎಲ್ಲೂ ಕಂಡಿಲ್ಲ.

ಪೇಪರ್ ಮಿಲ್ಲಿಗೆ ಬರೋಣ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿದ್ದು 1955ರಲ್ಲಿ. ಆಗ ಈ ಜಿಲ್ಲೆ ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿಯಾಗಿದ್ದ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. 1959ರಲ್ಲಿ ಕಾಗದ ಹೊರಬಿತ್ತು. ಮಾಲೀಕರು ರಾಜಸ್ಥಾನ ಮೂಲದ, ಕಲ್ಕತ್ತೆಯಲ್ಲಿ ವ್ಯವಹಾರ ಬೆಳೆಸಿದ ಬಂಗೂರ್ ಮನೆತನ. ಇವತ್ತು ದಾಂಡೇಲಿಯಲ್ಲಿ ಬಂಗೂರನಗರ ಇದೆ, ಬಂಗೂರನಗರ ಕಾಲೇಜಿದೆ. ಕಾಲೇಜು ಆದದ್ದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ನಾವು ಹೇಳುವುದು ಇಷ್ಟೇ: ಹೊರಗಿನಿಂದ ಬಂದ ಒಬ್ಬರ ಹೆಸರು ಊರಿನ ವಿಳಾಸವೇ ಆಯಿತು. ಅದೇ ಕಾಲಕ್ಕೆ ಬಂದ ಇನ್ನೊಬ್ಬರ ಮೊಮ್ಮಗ ವಿಳಾಸದ ಪುರಾವೆ ಹುಡುಕಿಕೊಂಡು ಅಲೆಯುತ್ತಿದ್ದಾನೆ.

ಮಿಲ್ಲಿಗೆ ಬೇಕಾದದ್ದು ಮುಖ್ಯವಾಗಿ ಎರಡು, ಕಾಳಿ ನದಿಯ ನೀರು ಮತ್ತು ಕಾಡಿನ ಬಿದಿರು. ಬಿದಿರಿನ ಕಥೆಯನ್ನು ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ಬರೆಯಬೇಕು. ಸರ್ಕಾರ ಮಿಲ್ಲಿಗೆ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಅರ್ಧ ತಪ್ಪಿ ಓದಲಿಲ್ಲ ನೀವು, ಟನ್ನಿಗೆ 1 ರೂಪಾಯಿ 50 ಪೈಸೆ. ಅದೇ ಬಿದಿರನ್ನು ಮೇದಾರನು ಪೇಟೆಯ ಬೆಲೆಗೆ ಕೊಳ್ಳಬೇಕಿತ್ತು, ಆ ಬೆಲೆ ಟನ್ನಿಗೆ ಸಾವಿರದ ಲೆಕ್ಕದಲ್ಲಿತ್ತು. ಕಂಪನಿಗೆ ಪುಡಿಗಾಸು, ಬುಟ್ಟಿ ಹೆಣೆದು ಹೊಟ್ಟೆ ಹೊರೆಯುವವನಿಗೆ ಪೂರ್ತಿ ದರ. ಇದನ್ನು ಬಯಲಿಗೆ ಹಾಕಿದ್ದು ನಾವಲ್ಲ. 1970ರ ದಶಕದಲ್ಲಿ ಬುಟ್ಟಿ ಹೆಣೆಯುವವರು ಬಿದಿರು ಸಿಗುತ್ತಿಲ್ಲವೆಂದು ದೂರಿದ ಮೇಲೆ ವಿಜ್ಞಾನಿ ಮಾಧವ ಗಾಡ್ಗೀಳರು ಈ ಕಾಡುಗಳಲ್ಲಿ ಓಡಾಡಿ ಅಧ್ಯಯನ ಮಾಡಿದರು. ಕಾಡಿನಲ್ಲಿ ಇಷ್ಟು ಬಿದಿರಿದೆ ಅಂತ ಇಲಾಖೆ ಕಾಗದದಲ್ಲಿ ಬರೆದುಕೊಂಡದ್ದಕ್ಕೂ ನೆಲದ ಮೇಲೆ ಇದ್ದದ್ದಕ್ಕೂ ಅಜಗಜಾಂತರ ಅಂತ ಅವರು ತೋರಿಸಿದರು.

ಇನ್ನೊಂದು ಸಂಗತಿಯನ್ನೂ ಅವರು ಬರೆದಿದ್ದಾರೆ, ನಮಗೆ ಅದೇ ಹೆಚ್ಚು ಪಾಠ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಕಡಿಯಲು ಅಡ್ಡಿ, ಮೆಳೆ ಇಕ್ಕಟ್ಟಾಗುತ್ತದೆ ಅಂತ ಅರಣ್ಯ ಇಲಾಖೆಯವರು ಮುಳ್ಳು ಸವರಿಸಿದರು. ಹಳ್ಳಿಯ ಜನಕ್ಕೆ ಗೊತ್ತಿತ್ತು, ಮುಳ್ಳು ಇದ್ದರೇ ಕಳಲೆ ಉಳಿಯುವುದು, ಇಲ್ಲದಿದ್ದರೆ ದನ ಕಾಡುಮೃಗ ಎಲ್ಲ ಸೇರಿ ಎಳೆಯ ಮೊಳಕೆ ತಿಂದು ಹಾಕುತ್ತವೆ. ಹಾಗೆಯೇ ಆಯಿತು. ಓದಿದವರು ಕೆಡಿಸಿದರು, ಓದದವರಿಗೆ ಗೊತ್ತಿತ್ತು. ಬಿದಿರು ಬರಿದಾದ ಮೇಲೆ ಮಿಲ್ಲು ಬೇರೆ ಮರದ ಕಡೆ ತಿರುಗಿತು, ನೀಲಗಿರಿ ಬಂತು. ಮೇದಾರನು ಎತ್ತ ತಿರುಗಬೇಕಿತ್ತು? ಪ್ಲಾಸ್ಟಿಕ್ ಬುಟ್ಟಿ ಮಾರುವ ಅಂಗಡಿಯ ಎದುರು ಕೂಲಿಗೆ ನಿಂತ.

ಆ ಬಿದಿರನ್ನು ಕಡಿದವರು ಯಾರು, ಹೊತ್ತವರು ಯಾರು, ಲಾರಿಗೆ ತುಂಬಿದವರು ಯಾರು? ಮಿಲ್ಲಿನ ಒಳಗೆ ಚಿಪ್ಪರಿನಲ್ಲಿ ಚೂರಾಗಿ, ಡೈಜೆಸ್ಟರಿನಲ್ಲಿ ಕುದಿದು, ಬಿಳಿಯಾಗಿ, ಹಾಳೆಯಾಗಿ ಬರುವ ತನಕ ಪ್ರತಿ ಹಂತಕ್ಕೂ ಕೈ ಬೇಕು. ಆ ಕೈಗಳಿಗೆ ಮನೆ ಬೇಕು, ಮನೆಗೆ ಕಕ್ಕಸು ಬೇಕು, ಕಕ್ಕಸು ಬಳಿಯಲು ಇನ್ನೊಂದು ಜೋಡಿ ಕೈ ಬೇಕು. ಆ ಕೊನೆಯ ಜೋಡಿ ಕೈ ಯಾವ ಕೇರಿಯಿಂದ ಬರುತ್ತದೆ ಅನ್ನುವುದನ್ನು ಭಾರತದ ಯಾವ ಗಿರಣಿ ಊರಿನಲ್ಲೂ ಕೇಳಬೇಕಾಗಿಲ್ಲ. ಬಸವಲಿಂಗಪ್ಪನವರು ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟಾಗ 1970ರ ದಶಕ ಬಂದಿತ್ತು. ಅಷ್ಟು ಹೊತ್ತಿಗೆ ದಾಂಡೇಲಿಯಲ್ಲಿ ಕಾಗದ ತಯಾರಾಗಲು ಸುರುವಾಗಿ ಹತ್ತು ವರ್ಷದ ಮೇಲಾಗಿತ್ತು. ಪಾಲಿಮೆಂಟು 2013ರಲ್ಲಿ ಮತ್ತೊಂದು ಕಾನೂನು ಮಾಡಬೇಕಾಗಿ ಬಂತು ಅಂದರೆ ಅದು ನಿಂತಿರಲಿಲ್ಲ ಅಂತಲೇ ಅರ್ಥ.

ಕಾಯಂ ಕೆಲಸಗಾರನಿಗಾದರೆ ಟೋಕನ್ ನಂಬರು ಇರುತ್ತದೆ, ಪಿ.ಎಫ್. ಚೀಟಿ ಇರುತ್ತದೆ. ಗುತ್ತಿಗೆ ಆಳಿಗೆ ಏನಿರುತ್ತದೆ? ಮುಕಾದಮನ ಹಾಜರಿ ಪುಸ್ತಕದಲ್ಲಿ ಒಂದು ಹೆಬ್ಬೆಟ್ಟು. ಗುತ್ತಿಗೆ ಮುಗಿಯಿತು, ಪುಸ್ತಕ ಹೋಯಿತು, ಹೆಬ್ಬೆಟ್ಟೂ ಹೋಯಿತು. ಲಕ್ಷಗಟ್ಟಲೆ ಟನ್ ಕಾಗದ ಹೊರಗೆ ಕಳಿಸಿದ ಊರಿನಲ್ಲಿ ಆ ಕಾಗದ ಮಾಡಿದವನ ಹೆಸರು ಬರೆದ ಒಂದು ಹಾಳೆ ಸಿಗುವುದಿಲ್ಲ.

ಈಗ ಸರ್ಟಿಫಿಕೇಟಿನ ಕಿಟಕಿಗೆ ವಾಪಸು ಬರೋಣ. ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಸರಿಯಾಗಿ ತಿಳಿಯದೆ ಬೈದು ಪ್ರಯೋಜನವಿಲ್ಲ. ಸಂವಿಧಾನದ 341ನೇ ವಿಧಿಯಲ್ಲಿ ಪರಿಶಿಷ್ಟ ಜಾತಿಯ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಪಟ್ಟ ಹಾಗೆ ಇರುತ್ತದೆ. ರಾಷ್ಟ್ರಪತಿಯ ಮೊದಲ ಆದೇಶ ಹೊರಬಿದ್ದದ್ದು 1950ರ ಆಗಸ್ಟ್ 10. ಆ ದಿನ ನಿಮ್ಮ ಹಿರಿಯರು ಯಾವ ರಾಜ್ಯದ ಕಾಯಂ ವಾಸಿಗಳೋ ಆ ರಾಜ್ಯದಲ್ಲಿ ಮಾತ್ರ ನೀವು ಪರಿಶಿಷ್ಟರು. ಆಮೇಲೆ ಹೊಟ್ಟೆಪಾಡಿಗೆ ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿಯ ಸೌಲಭ್ಯ ಇಲ್ಲ. ಎರಡೂ ರಾಜ್ಯದ ಪಟ್ಟಿಯಲ್ಲಿ ಅದೇ ಜಾತಿಯ ಹೆಸರು ಇದ್ದರೂ ಇಲ್ಲ. ಸುಪ್ರೀಂ ಕೋರ್ಟ್ ಇದನ್ನು 1990ರಲ್ಲಿ ಹೇಳಿತು, 1994ರಲ್ಲಿ ಹೇಳಿತು, 2018ರಲ್ಲಿ ಮತ್ತೆ ಹೇಳಿತು. ಹೀಗೆ ವಲಸೆ ಬಂದವರಿಗೆ ಅಪ್ಪನ ಮೂಲ ರಾಜ್ಯದ ದಾಖಲೆ ತೋರಿಸಿದರೆ ಒಂದು ಸರ್ಟಿಫಿಕೇಟು ಸಿಗುತ್ತದೆ. ಕೇಂದ್ರ ಸರ್ಕಾರದ ನೌಕರಿಗೆ ಅದು ನಡೆಯುತ್ತದೆ, ಇಲ್ಲಿಯ ಕಾಲೇಜು ಸೀಟಿಗೆ ನಡೆಯುವುದಿಲ್ಲ.

ರಾಜ್ಯವಾರು ಪಟ್ಟಿ ಮಾಡಿದ್ದಕ್ಕೆ ಕಾರಣ ಇಲ್ಲದಿಲ್ಲ. ಬಟ್ಟೆ ಒಗೆಯುವವರು ಉತ್ತರ ಪ್ರದೇಶದಲ್ಲಿ ಪರಿಶಿಷ್ಟರು, ಇಲ್ಲಿಯ ಮಡಿವಾಳರು ಆ ಪಟ್ಟಿಯಲ್ಲಿಲ್ಲ. ಒಂದೇ ಕಸುಬಿಗೆ ಒಂದೊಂದು ಕಡೆ ಒಂದೊಂದು ಸ್ಥಿತಿ. ಅದನ್ನು ಒಪ್ಪೋಣ. ಆದರೆ ಮಾದಿಗನ ಪಾಡು? ಆಂಧ್ರದಲ್ಲಿ ಅಸ್ಪೃಶ್ಯನಾಗಿದ್ದವನು ರಾಯಚೂರು ದಾಟಿದ ಕೂಡಲೇ ಸ್ಪೃಶ್ಯನಾಗುತ್ತಾನೆಯೇ? ಮಹಾರನು ಕೊಲ್ಲಾಪುರದಿಂದ ನಿಪ್ಪಾಣಿಗೆ ಬರುವಷ್ಟರಲ್ಲಿ ಅವನ ಮೈಲಿಗೆ ಬಸ್ಸಿನಲ್ಲೇ ಉಳಿಯುತ್ತದೆಯೇ? ಅಸ್ಪೃಶ್ಯತೆ ಟಿಕೆಟ್ ಇಲ್ಲದೆ ಗಡಿ ದಾಟುತ್ತದೆ. ಪರಿಹಾರ ಮಾತ್ರ ಚೆಕ್‌ಪೋಸ್ಟಿನಲ್ಲಿ ನಿಲ್ಲುತ್ತದೆ. ಪಟ್ಟಿ ಮಾಡಿದವರಿಗೇ ಇದು ಗೊತ್ತಿಲ್ಲ ಅಂತಲ್ಲ, ನಮ್ಮ ರಾಜ್ಯದ ಪಟ್ಟಿಯಲ್ಲಿ 'ತೆಲುಗು ಮೋಚಿ' ಅನ್ನುವ ಹೆಸರೇ ಇದೆ. ಎಂದೋ ಗಡಿ ದಾಟಿ ಬಂದವರದ್ದೇ ಆ ಹೆಸರು.

ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆದೇಶ 1950. ಮಿಲ್ಲು 1955. ಐದೇ ವರ್ಷ. ಮಿಲ್ಲಿನ ಕೂಗು ಕೇಳಿ ಹೊರರಾಜ್ಯದಿಂದ ಬಂದವನು ಯಾರೇ ಇರಲಿ, ಅವನು ತಾರೀಖಿನ ಆಚೆಗೇ ಬಂದವನು. ಬೇರೆ ಊರುಗಳ ಜೊತೆ ಹೋಲಿಸಿದರೆ ಇದರ ಹೊಡೆತ ತಿಳಿಯುತ್ತದೆ. ಕೋಲಾರದ ಚಿನ್ನದ ಗಣಿಗೆ 1880ರ ದಶಕದಿಂದಲೇ ಆರ್ಕಾಟ್ ಕಡೆಯ ತಮಿಳು ದಲಿತರು ಇಳಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರದ್ದು, ಅಲ್ಲಿಯ ಕಾಗದದ ಕಾರ್ಖಾನೆ 1930ರ ದಶಕದ್ದು. ಅಲ್ಲಿ ಮೊದಲ ದಿನಗಳಲ್ಲೇ ಬಂದು ನೆಲೆಸಿದವನ ಮೊಮ್ಮಗ 1950ನ್ನು ದಾಟಿಬಿಡುತ್ತಾನೆ. ದಾಂಡೇಲಿಯವನು ದಾಟುವುದಿಲ್ಲ. ಅದೇ ಬೆವರು, ಅದೇ ಕೇರಿ, ಅದೇ ಜಾತಿ. ಕಂಪನಿ ರಿಜಿಸ್ಟರ್ ಆದ ತಾರೀಖು ಮಕ್ಕಳ ಹಣೆಬರಹ ಆಯಿತು. (ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಅಂಥ ಗಿರಣಿ ಊರಿನಿಂದಲೇ ಅನ್ನುವುದನ್ನು ಗಿರಣಿ ಊರಿನ ಹುಡುಗರು ಮರೆಯಬಾರದು.)

ಇದಕ್ಕಿಂತ ವಿಚಿತ್ರ ಕೇಳಿ. 1952ರಲ್ಲಿ ಕೊಲ್ಲಾಪುರದಿಂದ ಮರದ ಕೆಲಸಕ್ಕೆ ದಾಂಡೇಲಿಗೆ ಒಬ್ಬ ಬಂದನೆನ್ನಿ. ಎರಡೂ ಆಗ ಮುಂಬಯಿ ರಾಜ್ಯವೇ. ಅವನು ಯಾವ ಗಡಿಯನ್ನೂ ದಾಟಲಿಲ್ಲ. ನಾಲ್ಕು ವರ್ಷದ ಮೇಲೆ ಗಡಿಯೇ ಅವನನ್ನು ದಾಟಿತು. ಈಗ ಅವನ ಮೊಮ್ಮಕ್ಕಳು ಮಹಾರಾಷ್ಟ್ರದವರು!

ಇದೇ ಕರ್ನಾಟಕದಲ್ಲಿ ನೌಕರಿಯ ವಿಷಯಕ್ಕೆ 'ಸ್ಥಳೀಯ' ಅಂದರೆ ಯಾರು ಅಂತ ಸರೋಜಿನಿ ಮಹಿಷಿ ಸಮಿತಿ ಹೇಳಿತು. ಹದಿನೈದು ವರ್ಷ ಇಲ್ಲಿ ವಾಸ ಇದ್ದು ಕನ್ನಡ ಬಲ್ಲವನು ಸ್ಥಳೀಯ. ವರದಿ ಬಂದದ್ದು 1986ರಲ್ಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಕನ್ನಡಿಗನಾಗಲು ಹದಿನೈದು ವರ್ಷ ಸಾಕು, ಕನ್ನಡ ನೆಲದ ದಲಿತನಾಗಲು ಅರವತ್ತು ವರ್ಷವೂ ಸಾಲದು ಅಂದರೆ ಏನನ್ನಬೇಕು? ಸಂಬಳಕ್ಕೆ ಕನ್ನಡಿಗ, ಸ್ಕಾಲರ್‌ಶಿಪ್ಪಿಗೆ ತೆಲುಗ.

ಕಾಡಿನ ಕಡೆ ತಿರುಗಿದರೆ ಅಲ್ಲಿಯೂ ಅಜ್ಜನ ತಾರೀಖೇ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ ಇದ್ದದ್ದನ್ನು ರುಜುವಾತು ಮಾಡಬೇಕು. ಕಾಡಂಚಿನ ದಲಿತನೂ ಅದರಲ್ಲೇ ಬರುತ್ತಾನೆ, ಪಟ್ಟಿಯಲ್ಲಿಲ್ಲದ ಕುಣಬಿ, ಗೌಳಿಗಳೂ ಅದರಲ್ಲೇ ಬರುತ್ತಾರೆ. 1930ರ ಕಾಗದ ಎಲ್ಲಿಂದ ತರುವುದು? ಉತ್ತರ ಕನ್ನಡದಲ್ಲಿ ಅರ್ಜಿಗಳ ದೊಡ್ಡ ಪಾಲು ತಿರಸ್ಕಾರವಾಗಿದೆ. ಸಿದ್ದಿಗಳು ಶತಮಾನಗಳಿಂದ ಇಲ್ಲಿದ್ದರೂ ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಗಡಿಕಲ್ಲಿನ ಆಚೆ ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು 2020ರ ತನಕ ಕಾದರು. ಅಣ್ಣ ಹಳಿಯಾಳದಲ್ಲಿ ಬುಡಕಟ್ಟಿನವನು, ತಮ್ಮ ಕಲಘಟಗಿಯಲ್ಲಿ ಅಲ್ಲ. ಹದಿನೇಳು ವರ್ಷ ನಡೆದ ನಾಟಕ ಇದು.

ಸೂಪಾ ಮುಳುಗಿದ ಕಥೆ ಬೇರೆ ಸಂಚಿಕೆಯಲ್ಲಿ ಬರೆಯಬೇಕಾದದ್ದು. ಇಲ್ಲಿ ಒಂದೇ ಮಾತು. 101 ಮೀಟರ್ ಎತ್ತರದ ಅಣೆಕಟ್ಟಿಗಾಗಿ ತಾಲೂಕು ಕೇಂದ್ರವೇ ನೀರಿನಡಿ ಹೋಯಿತು, ತಾಲೂಕಿನ ಹೆಸರೇ ಜೋಯಿಡಾ ಆಯಿತು, ಜನರನ್ನು ರಾಮನಗರಕ್ಕೆ ತಂದು ಕೂರಿಸಿದರು. ಆ ಕಾಲದ ಭೂಸ್ವಾಧೀನ ಕಾಯ್ದೆ 1894ರದ್ದು, ಪಹಣಿಯಲ್ಲಿ ಹೆಸರಿದ್ದವನಿಗೆ ಪರಿಹಾರ. ಹೊಲ ಮುಳುಗಿದರೆ ದುಡ್ಡು, ಆ ಹೊಲದಲ್ಲಿ ದುಡಿಯುವ ಕೂಲಿ ಮುಳುಗಿದರೆ ಅದಕ್ಕೆ ಲೆಕ್ಕ ಇಲ್ಲ.

ಮುಂಡಗೋಡದ ಮಾತು ಬಂದಾಗ ನಮ್ಮ ಹುಡುಗರೇ ಕೆಲವರು ದಾರಿ ತಪ್ಪುತ್ತಾರೆ. "ಟಿಬೇಟಿನವರಿಗೆ ಸಾವಿರಾರು ಎಕರೆ ಕೊಟ್ಟರು, ನಮಗೆ ಗುಂಟೆ ಇಲ್ಲ" ಅಂತ ಹಲ್ಲು ಕಡಿಯುತ್ತಾರೆ. ನಿಜ, 1966ರಲ್ಲಿ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಸುಮಾರು 4000 ಎಕರೆ ಕಾಡುಭೂಮಿ ಟಿಬೇಟಿನ ನಿರಾಶ್ರಿತರಿಗೆ ಹೋಯಿತು. ಕ್ಯಾಂಪುಗಳಾದವು, ಡ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿ ಮತ್ತೆ ತಲೆ ಎತ್ತಿದವು. ದೇಶ ಕಳಕೊಂಡು ಬಂದವರಿಗೆ ನೆಲ ಕೊಟ್ಟದ್ದು ಈ ಸರ್ಕಾರ ಮಾಡಿದ ಕೆಲವೇ ಒಳ್ಳೆಯ ಕೆಲಸಗಳಲ್ಲಿ ಒಂದು ಅಂತ ನಾವು ಹೇಳುತ್ತೇವೆ. ಆ ನೆಲ ಅವರ ಸ್ವಂತದ್ದೂ ಅಲ್ಲ, ಗುತ್ತಿಗೆಯದ್ದು. ಅವರಿಗೂ ತಾರೀಖಿನ ಕಾಟ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನಲ್ಲಿ ಭಾರತದ ಪ್ರಜೆಗಳೇ. ಅಷ್ಟನ್ನು ಒಪ್ಪಿಸಲು ಅವರ ಮಕ್ಕಳು 2010ರಲ್ಲಿ ದೆಹಲಿ ಹೈಕೋರ್ಟಿನ ತನಕ ಹೋಗಬೇಕಾಯಿತು. ನಮ್ಮ ಸಿಟ್ಟು ಟಿಬೇಟಿನ ಮುದುಕಿಯ ಮೇಲಲ್ಲ. 1966ರಲ್ಲಿ 4000 ಎಕರೆ ಹುಡುಕಲು ಗೊತ್ತಿದ್ದ ಸರ್ಕಾರಕ್ಕೆ ಅದೇ ತಾಲೂಕಿನ ಭೂಹೀನ ದಲಿತ ಬಂದು ನಿಂತಾಗ "ಎಲ್ಲಾ ಅರಣ್ಯ, ಜಾಗ ಇಲ್ಲ" ಅನ್ನಲು ಬಾಯಿ ಹೇಗೆ ಬರುತ್ತದೆ ಅನ್ನುವುದರ ಮೇಲೆ.

ಇನ್ನು ನಮ್ಮೊಳಗಿನ ಮಾತು. ಇದನ್ನು ಬಚ್ಚಿಟ್ಟು ಬರೆದರೆ ಮೋಸವಾಗುತ್ತದೆ. ಹೊರರಾಜ್ಯದ ಮೂಲದವರಿಗೂ ಸರ್ಟಿಫಿಕೇಟು ಕೊಡಿ ಅಂದ ಕೂಡಲೇ ಇಲ್ಲಿಯ ಹೊಲೆಯ, ಮಾದಿಗ, ಸಮಗಾರರ ಹುಡುಗರೇ ಎದ್ದು ನಿಲ್ಲುತ್ತಾರೆ. "ಇರುವುದೇ ಅರ್ಧ ರೊಟ್ಟಿ, ಅದರಲ್ಲೂ ಪಾಲೇ? ಬೆಂಗಳೂರಿನಲ್ಲಿ ನೆಲೆಸಿದ ಹೊರಗಿನ ಸಾಹೇಬರ ಮಕ್ಕಳು ಬಂದು ನಮ್ಮ ಸೀಟು ಹೊಡೆಯುತ್ತಾರೆ." ಈ ಭಯ ಸುಳ್ಳಲ್ಲ. ಕೋರ್ಟು ಕೂಡ ಇದನ್ನೇ ತೂಗಿ ನೋಡಿದ್ದು. ಆದರೆ ವರ್ಗಾವಣೆಯಾಗಿ ಬಂದ ಅಧಿಕಾರಿಯ ಮಗನೂ ಮೂರು ತಲೆಮಾರಿನ ಹಿಂದೆ ಮಲ ಬಳಿಯಲು ಕರೆತಂದವನ ಮೊಮ್ಮಗನೂ ಒಂದೇ ತಕ್ಕಡಿಯಲ್ಲಿ ತೂಗುವ ಸರಕೇ? ಒಬ್ಬನಿಗೆ ವಾಪಸು ಹೋಗಲು ಊರಿದೆ, ಅಲ್ಲಿ ಸರ್ಟಿಫಿಕೇಟಿದೆ. ಇನ್ನೊಬ್ಬನು ಅಜ್ಜನ ಊರಿನ ಹೆಸರನ್ನೂ ಸರಿಯಾಗಿ ಹೇಳಲಾರ. ಆ ಊರಿನ ಕಚೇರಿಗೆ ಹೋದರೆ "ನೀವು ಯಾರೋ ಗೊತ್ತಿಲ್ಲ, ಕರ್ನಾಟಕದವರು" ಅನ್ನುತ್ತಾರೆ. ಇಲ್ಲಿ ಆಂಧ್ರದವನು, ಅಲ್ಲಿ ಕನ್ನಡದವನು.

ಪಟ್ಟಿ ತಿದ್ದುವುದು ಪಾರ್ಲಿಮೆಂಟಿನ ಕೆಲಸ, ಬೆಂಗಳೂರಿನ ಕೈಲಿಲ್ಲ. ಆದರೆ ಹಾಸ್ಟೆಲಿನ ಅನ್ನಕ್ಕೆ, ಫೀ ಮಾಫಿಗೆ, ಪುಸ್ತಕಕ್ಕೆ ಪಾರ್ಲಿಮೆಂಟು ಬೇಕಾಗಿಲ್ಲ. ಸಫಾಯಿ ಕೆಲಸಕ್ಕೆ, ಗಿರಣಿ ಕೂಲಿಗೆ ಬಂದ ಪರಿಶಿಷ್ಟರ ಮಕ್ಕಳಿಗೆ ಬೇರೆ ಹಣ ಇಟ್ಟು, ಬೇರೆ ಸೀಟು ಸೇರಿಸಿ ಕೊಡಿ ಅನ್ನುವುದು ನಮ್ಮ ಒತ್ತಾಯ. ಇಲ್ಲಿಯವನ ತಟ್ಟೆಯಿಂದ ತೆಗೆದು ಅಲ್ಲ. ಟನ್ ಬಿದಿರನ್ನು ಒಂದೂವರೆ ರೂಪಾಯಿಗೆ ಬಿಟ್ಟುಕೊಡುವಾಗ ಖಜಾನೆ ನೆನಪಾಗದವರಿಗೆ ಈಗ ಮಾತ್ರ ಖಜಾನೆ ನೆನಪಾಗುವುದು ಬೇಡ. ಮತ್ತು ಗೆಳೆಯರೇ, ಈ ವಿಷಯಕ್ಕೆ ಹಾಸ್ಟೆಲಿನ ಒಳಗೆ ನಾವು ನಾವೇ ಕಾಲರ್ ಹಿಡಿದುಕೊಂಡರೆ ಹೊರಗೆ ಕೂತವರು ಎಲೆಯಡಿಕೆ ಹಾಕಿಕೊಂಡು ನೋಡುತ್ತಾರೆ.

ಬರುವ ರಜೆಯಲ್ಲಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳುತ್ತೇವೆ. ನಿಮ್ಮ ಓಣಿಯ ಚರಿತ್ರೆ ನೀವೇ ಬರೆಯಿರಿ. ದಾಂಡೇಲಪ್ಪನನ್ನು, ದಂಡಕನಾಯಕನನ್ನು ಬಿಡಿ. ಓಣಿಯ ಅತಿ ಹಿರಿಯ ಅಜ್ಜಿಯ ಹತ್ತಿರ ಕೂತು ಕೇಳಿ: ಯಾವ ಊರಿಂದ ಬಂದಿರಿ, ಯಾರು ಕರೆತಂದರು, ಮುಕಾದಮನ ಹೆಸರೇನು, ಮೊದಲ ಮನೆಗೆ ಗೋಡೆ ಯಾತರದ್ದು, ನೀರು ಎಲ್ಲಿಂದ, ಯಾರ ಬಾವಿ ಮುಟ್ಟಲು ಬಿಡಲಿಲ್ಲ, ಮೊದಲ ಸಲ ಓಟು ಹಾಕಿದ್ದು ಯಾವಾಗ. ಅಜ್ಜಿ ಅಳುತ್ತಾಳೆ, ಅಳಲಿ, ಪೆನ್ನು ನಿಲ್ಲಿಸಬೇಡಿ. ಟ್ರಂಕಿನ ತಳದಲ್ಲಿರುವ ಹಳೆ ರೇಷನ್ ಕಾರ್ಡು, ಇ.ಎಸ್.ಐ. ಚೀಟಿ, ಯೂನಿಯನ್ನಿನ ರಶೀದಿ, ಲಾರಿಯ ಟ್ರಿಪ್ ಚೀಟಿ ಏನಿದ್ದರೂ ಗೆದ್ದಲು ತಿನ್ನುವ ಮುಂಚೆ ನಕಲು ತೆಗೆಸಿ.

ಎಲ್ಲಕ್ಕಿಂತ ಮೊದಲು ಅಪ್ಪ ಕಲಿತ ಶಾಲೆಗೆ ಹೋಗಿ. ಎರಡನೇ ಇಯತ್ತೆಗೇ ಬಿಟ್ಟಿದ್ದರೂ ಸರಿ, ದಾಖಲಾತಿ ರಿಜಿಸ್ಟರಿನಲ್ಲಿ ಹೆಸರು ಇರುತ್ತದೆ. ಹುಟ್ಟಿದ ಊರು, ಜಾತಿ, ಪಾಲಕರ ಉದ್ಯೋಗ ಅದರಲ್ಲೇ ಹುಡುಕಿ. ನಿಮ್ಮ ಮನೆಯವರ ಸಾಲಿನ ನಕಲು ಬರೆದು ಕೇಳಿ. ಸರ್ಕಾರಿ ಶಾಲೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಹಾಕಿ, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಸಿಕ್ಕಿದ ನಕಲುಗಳಲ್ಲಿ ಒಂದು ಪ್ರತಿ ಮುಂದಿನ ಸಭೆಗೆ ತನ್ನಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ.